ಮಗಳಿಗೊಂದು ಪತ್ರ: ಕಡ್ಡಿ ಅವರ ಕೈಯಲ್ಲೇ ಇರಲಿ

ಪ್ರೀತಿಯ ಮಗಳಿಗೆ,

ಕರ್ತನ ಕೃಪೆ ನಿನ್ನೊಂದಿಗಿರಲಿ. ಸ್ತ್ರೀಸಮಾಜದ ಹೆಂಗಸರಿಗೆ ಬರುವ ಶನಿವಾರದಿಂದ ಕ್ರೋಶಾ, ಅಂದರೆ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ದಾರ ಹೆಣೆಯುವ ಕೆಲಸ, ಹೇಳಿಕೊಡಲು ಒಪ್ಪಿದ್ದೀಯೆಂದು ತಿಳಿದು ಸಂತೋಷವಾಯಿತು. ಹೆಣೆಯುವುದು ನಿನಗೆ ಚೆನ್ನಾಗಿ ಬರುತ್ತದೆ. ಹೇಳಿಕೊಡುವುದು ಬೇರೆಯೇ ವರ. ದೇವದರ್ಶನದ ಗುಡಾರದ ಕೆಲಸಕ್ಕೆ ದೇವರು ಬೆಚಲೇಲನನ್ನು ಹೆಸರು ಹಿಡಿದು ಕರೆದು ಚಿನ್ನ, ಬೆಳ್ಳಿ, ಮರ, ರತ್ನಗಳ ಕೆಲಸದ ಜಾಣ್ಮೆ ಕೊಟ್ಟನೆಂದು ವಿಮೋಚನಕಾಂಡ 35ರಲ್ಲಿ ಓದುತ್ತೇವಲ್ಲ, ಅಲ್ಲೇ 34ನೇ ವಚನ ನೋಡು. ಅವನಿಗೂ ಒಹೊಲೀಯಾಬನಿಗೂ ಇತರರಿಗೆ ಕಲಿಸುವ ಮನಸ್ಸನ್ನೂ ಕೊಟ್ಟನೆಂದು ಬೇರೆಯಾಗಿಯೇ ಬರೆದಿದೆ. ಆ ಮನಸ್ಸನ್ನು ಬೇಡಿಕೊಂಡು ಹೋಗು.

ಮೊದಲ ದಿನಕ್ಕೆ ತಿಳಿಬಣ್ಣದ, ಮಧ್ಯಮ ದಪ್ಪದ ದಾರ ತೆಗೆದುಕೊ. ಕಡ್ಡಿ 4 ಅಥವಾ 5 ಮಿ.ಮೀ. ಕಪ್ಪು, ಕಡುನೀಲಿ ಬೇಡವೇ ಬೇಡ. ಅದರಲ್ಲಿ ಸ್ಟಿಚ್ ಕಾಣುವುದಿಲ್ಲ, ಕಾಣದ್ದನ್ನು ಹೊಸಬರು ಎಣಿಸಲಾರರು. ಜುಂಗು ಏಳುವ ದಾರವೂ ಬೇಡ, ಬಿಚ್ಚುವಾಗ ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ. ಬಂದವರಲ್ಲಿ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವವರಿದ್ದರೆ ಕುಣಿಕೆಯಿಂದಲೇ ಶುರುಮಾಡು, ಅವರ ಬೆರಳಿಗೆ ಅದು ಆಗಲೇ ಗೊತ್ತು. ಯೇಸು ಸಮುದ್ರದ ದಡದಲ್ಲಿ ಬೆಸ್ತರನ್ನು ಕರೆದದ್ದು ಬೆಸ್ತರ ಮಾತಿನಲ್ಲೇ ಅಲ್ಲವೇ?

ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆಯುತ್ತಾ ಸರಪಳಿಯಂತೆ 21 ಚೈನ್ ಹಾಕಿಸು. ಕಡ್ಡಿಯಿಂದ ಎರಡನೆಯ ಚೈನ್‌ನಲ್ಲಿ ಆರಂಭಿಸಿದರೆ ಸಾಲಿಗೆ ಸರಿಯಾಗಿ 20 ಸಿಂಗಲ್ ಕ್ರೋಶಾ ಬರುತ್ತವೆ. ಕಡ್ಡಿ ತೂರಿಸಿ ದಾರ ಸಿಕ್ಕಿಸಿ ಈಚೆಗೆ ಎಳೆದರೆ ಕಡ್ಡಿಯ ಮೇಲೆ ಎರಡು ಕುಣಿಕೆ. ಇನ್ನೊಮ್ಮೆ ಸಿಕ್ಕಿಸಿ ಎರಡರೊಳಗಿಂದಲೂ ಎಳೆದರೆ ಒಂದು ಸ್ಟಿಚ್. ಸಾಲು ಮುಗಿದ ಮೇಲೆ ಒಂದು ಚೈನ್ ಹಾಕಿ ತಿರುಗಿಸಬೇಕು. ಎರಡನೇ ಸಾಲಿನಿಂದ ಸ್ಟಿಚ್‌ನ ತಲೆಯ ಎರಡೂ ಎಳೆಗಳ ಕೆಳಗೆ ಕಡ್ಡಿ ಹೋಗಲಿ. ಹೆಸರುಗಳನ್ನು ಮೊದಲು ಹೇಳಬೇಡ, ಕೈಯನ್ನು ತೋರಿಸು. ಅಮೆರಿಕದವರು ಸಿಂಗಲ್ ಅನ್ನುವುದನ್ನೇ ಇಂಗ್ಲೆಂಡಿನವರು ಡಬಲ್ ಅನ್ನುತ್ತಾರೆ. ಯೂಟ್ಯೂಬ್ ನೋಡಿ ಬಂದವರು ಇದರಲ್ಲೇ ದಾರಿ ತಪ್ಪಿರುತ್ತಾರೆ.

ಹೊಸಬರ ಕೈ ಬಿಗಿ. ತಪ್ಪಾದೀತೆಂಬ ಹೆದರಿಕೆಯಿಂದ ದಾರ ಎಳೆದುಕೊಂಡೇ ಹೆಣೆಯುತ್ತಾರೆ, ಮುಂದಿನ ಸಾಲಿನಲ್ಲಿ ಕಡ್ಡಿ ಒಳಗೇ ಹೋಗುವುದಿಲ್ಲ. "ಸಡಿಲ ಬಿಡಿ" ಅಂದರೆ ಕೈ ಸಡಿಲವಾಗದು. ಕಡ್ಡಿ ನೋಡು: ಕೊಕ್ಕೆಯ ಹಿಂದಿನ ಸಣ್ಣ ಕುತ್ತಿಗೆಯಲ್ಲೇ ಕುಣಿಕೆ ಉಳಿದಿರುತ್ತದೆ. ಅದನ್ನು ಹಿಂದಿನ ದಪ್ಪ ಭಾಗಕ್ಕೆ ತಂದು ಆಮೇಲೆ ಎಳೆಯುವಂತೆ ಹೇಳು. ಮೊದಲ ಚೈನ್ ಸಾಲಿಗೆ ಮಾತ್ರ ಅರ್ಧ ಮಿ.ಮೀ. ದೊಡ್ಡ ಕಡ್ಡಿ ಕೊಟ್ಟರೂ ಆದೀತು. ಹೆದರಿಕೆಯಲ್ಲಿ ಮಾಡಿದ ಭಕ್ತಿಯೂ ಹೀಗೇ, ಮಗಳೇ. ಒಂದು ಸಾಲು ಬರುತ್ತದೆ, ಮುಂದಿನದಕ್ಕೆ ಎಡೆ ಇರುವುದಿಲ್ಲ.

ಇನ್ನೊಂದು ತಪ್ಪನ್ನು ನೀನು ಎಲ್ಲರಲ್ಲೂ ನೋಡುತ್ತೀಯ. ಹತ್ತು ಸಾಲಾಗುವಷ್ಟರಲ್ಲಿ ಚೌಕ ಇರಬೇಕಾದದ್ದು ತ್ರಿಕೋನದತ್ತ ಹೊರಟಿರುತ್ತದೆ. ಸಾಲಿನ ಕೊನೆಯ ಸ್ಟಿಚ್ ಅಂಚಿನಲ್ಲಿ ಬಾಗಿ ಅಡಗಿಕೊಳ್ಳುವುದರಿಂದ ಅದನ್ನು ಬಿಟ್ಟು ತಿರುಗಿಸಿರುತ್ತಾರೆ. 20 ಇದ್ದದ್ದು 19, ಆಮೇಲೆ 18. ಪ್ರತಿ ಸಾಲಿನ ಮೊದಲ ಸ್ಟಿಚ್‌ಗೆ ಸೇಫ್ಟಿ ಪಿನ್ ಹಾಕಿಸು. ಮರಳಿ ಬರುವಾಗ ಆ ಪಿನ್ ಇರುವ ಸ್ಟಿಚ್ಚೇ ಕೊನೆಯದು. ಕಡಿಮೆಯಾಗಿದೆಯೆಂದು ಗೊತ್ತಾದಾಗ ಕೆಲವರು ಸಾಲಿನ ಮಧ್ಯದಲ್ಲೆಲ್ಲೋ ಒಂದೇ ಸ್ಟಿಚ್‌ನಲ್ಲಿ ಎರಡು ಹೆಣೆದು ಲೆಕ್ಕ ಕೂಡಿಸುತ್ತಾರೆ. ಲೆಕ್ಕ 20 ಆಗುತ್ತದೆ, ಅಂಚು ಮಾತ್ರ ಡೊಂಕಾಗಿಯೇ ಉಳಿಯುತ್ತದೆ. ಅದನ್ನು ಒಪ್ಪಬೇಡ, ಬಿಚ್ಚಿಸು.

ಬಿಚ್ಚಿಸುವ ಗಳಿಗೆಗಾಗಿಯೇ ನಿನಗೆ ಈ ಪತ್ರ ಬರೆಯುತ್ತಿದ್ದೇನೆ. ಪೌಲನು ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯದ ಆರಂಭದಲ್ಲಿ, ತಪ್ಪಿನಲ್ಲಿ ಸಿಕ್ಕಿದವನನ್ನು ಶಾಂತಭಾವದಿಂದ ತಿದ್ದಿ ಸರಿಮಾಡಬೇಕು ಎನ್ನುತ್ತಾನೆ. ಅಲ್ಲಿರುವ ಗ್ರೀಕ್ ಕ್ರಿಯಾಪದವೂ ಮಾರ್ಕ 1:19ರಲ್ಲಿ ಯಾಕೋಬ, ಯೋಹಾನರು ದೋಣಿಯಲ್ಲಿ ಕುಳಿತು ಬಲೆ ಸರಿಮಾಡುತ್ತಿದ್ದರು ಎನ್ನುವಲ್ಲಿನ ಕ್ರಿಯಾಪದವೂ ಒಂದೇ. ಹರಿದ ಬಲೆಯನ್ನು ಬೆಸ್ತ ಬೈಯುವುದಿಲ್ಲ, ಎಸೆಯುವುದೂ ಇಲ್ಲ. ಮಡಿಲಲ್ಲಿ ಹರಡಿ ಹರಿದ ಕಣ್ಣು ಎಲ್ಲಿದೆಯೆಂದು ಹುಡುಕುತ್ತಾನೆ. ನೀನೂ ಎಲ್ಲರೆದುರು ಬಟ್ಟೆ ಎತ್ತಿ ಹಿಡಿದು "ಇಲ್ಲಿ ತಪ್ಪಿದೆ" ಅನ್ನಬೇಡ. ಪಕ್ಕದಲ್ಲಿ ಕುಳಿತು ಅವರೊಂದಿಗೇ ಎಣಿಸು. ಎಣಿಕೆ ಎಲ್ಲಿ ಮುರಿಯಿತೋ ಅದನ್ನು ಅವರೇ ಕಾಣಲಿ. ಸರಿಯಿರುವ ಕೊನೆಯ ಸಾಲಿನ ಅಂಚಿಗೆ ಪಿನ್ ಹಾಕಿ, ದಾರವನ್ನು ಅವರ ಕೈಯಿಂದಲೇ ಎಳೆಸು, ಪಿನ್ ಬಳಿ ಬಂದಾಗ ನಿಲ್ಲಿಸು. ಕೊಕ್ಕೆಯಿಲ್ಲದ ಎರಡು ಕಡ್ಡಿಗಳಲ್ಲಿ ಹೆಣೆದ ಸ್ವೆಟರ್ ಬಿಚ್ಚಿದರೆ ಸಾಲಿನ ಕುಣಿಕೆಗಳೆಲ್ಲ ಜಾರಿಹೋಗುತ್ತವೆಂಬ ಭಯವಿದೆ. ಕ್ರೋಶಾದಲ್ಲಿ ಎಷ್ಟು ಸಾಲು ಬಿಚ್ಚಿದರೂ ಹಿಡಿದುಕೊಳ್ಳಬೇಕಾದ ಕುಣಿಕೆ ಒಂದೇ. ಈ ಕಲೆಯ ಕರುಣೆ ಅದು ಅಂತ ನಾನು ನಂಬುತ್ತೇನೆ. ಸುರುಳಿಗಟ್ಟಿದ ದಾರವನ್ನು ಉಂಡೆ ಮಾಡದೆ ಕುರ್ಚಿಯ ಬೆನ್ನಿಗೆ ಲಡಿಯಾಗಿ ಸುತ್ತಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ನೆರಳಿನಲ್ಲಿ ತೂಗುಹಾಕಿದರೆ ಬಹುಮಟ್ಟಿಗೆ ನೇರವಾಗುತ್ತದೆ.

ನಿನ್ನ ಕೈ ಚುರುಕು, ಅದಕ್ಕೇ ಹೇಳುತ್ತೇನೆ: ಕಡ್ಡಿಯನ್ನು ಅವರ ಕೈಯಿಂದ ತೆಗೆದುಕೊಂಡು ನಾಲ್ಕು ಸಾಲು ಹಾಕಿಕೊಡಬೇಡ. ಬಟ್ಟೆ ಚೆಂದವಾಗುತ್ತದೆ, ಹೆಂಗಸು ಬರಿಗೈಯಲ್ಲಿ ಮನೆಗೆ ಹೋಗುತ್ತಾಳೆ. ತೋರಿಸಬೇಕಾದರೆ ನಿನ್ನದೇ ದಾರ, ನಿನ್ನದೇ ಕಡ್ಡಿ ಬಳಸು. ನಮ್ಮ ಕರ್ತನು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದಾಗ ಅವರಿನ್ನೂ ಎಷ್ಟು ಹಸಿ ಹಸಿಯಾಗಿದ್ದರು!

ಎಡಚರಿದ್ದರೆ ಎದುರಿಗೆ ಕೂರಿಸಿಕೊ, ಕನ್ನಡಿಯಲ್ಲಿ ಕಂಡಂತೆ ನಿನ್ನ ಕೈ ಅವರಿಗೆ ಕಾಣುತ್ತದೆ. ಉಳಿದವರು ಪಕ್ಕದಲ್ಲಿರಲಿ. ಯಾರನ್ನೂ ಬಲಗೈಗೆ ಬದಲಿಸಬೇಡ. ನ್ಯಾಯಸ್ಥಾಪಕರು 3ರ ಏಹೂದನೂ ಎಡಚನೇ, ದೇವರು ಇಸ್ರಾಯೇಲರನ್ನು ಬಿಡಿಸಿದ್ದು ಆ ಕೈಯಿಂದಲೇ.

ಸಭೆಗೆ ಸೇರದವರೂ ಬರಬಹುದು. ಕ್ರೋಶಾವನ್ನು ಗಾಳದ ಹುಳುವಾಗಿ ಮಾಡಬೇಡ. ಒಂದೊಂದು ಸ್ಟಿಚ್‌ಗೂ ಒಂದೊಂದು ಉಪದೇಶ ಬೇಡ, ಈ ಪತ್ರದಲ್ಲಿರುವುದೆಲ್ಲ ನಿನಗೆ. ಅಪೊಸ್ತಲರ ಕೃತ್ಯಗಳು 9ರಲ್ಲಿ ಯೊಪ್ಪದ ತಬಿಥಾಳ ಕಥೆ ಓದು, ಅವಳಾಡಿದ ಒಂದು ಮಾತೂ ಅಲ್ಲಿಲ್ಲ. ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಅವಳು ಮಾಡಿಕೊಟ್ಟ ಬಟ್ಟೆಗಳನ್ನು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಮುಂದೆ ನೇಯ್ಗೆ ಕಲಿಸಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಕಲಿತವರಿಗೆ ಅದು ಅನ್ನದ ಕೆಲಸ. ಆದ್ದರಿಂದ ಮಾರಿದರೂ ನಾಚಿಕೆಯಾಗದಂಥ ಕೆಲಸ ಕಲಿಸು.

ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಮಾಡಿಸುವುದಾದರೆ ಹತ್ತಿಯ ದಾರವೇ ಆಗಬೇಕು, ಎರಡು ಪದರ. ಅಕ್ರಿಲಿಕ್ ಬಿಸಿಗೆ ಕರಗಿ ಕೈಗೆ ಅಂಟುತ್ತದೆ. ಕೊನೆಯಲ್ಲಿ 15 ಸೆಂ.ಮೀ. ದಾರ ಬಿಟ್ಟು ಕತ್ತರಿಸಿ, ಮೊಂಡು ಸೂಜಿಯಿಂದ ಹಿಂಬದಿಯಲ್ಲಿ ಒಂದು ದಿಕ್ಕಿಗೆ ನಾಲ್ಕೈದು ಸ್ಟಿಚ್ ತೂರಿಸಿ, ಮತ್ತೆ ವಾಪಸು ತರಿಸು. ಬರೀ ಗಂಟು ಹಾಕಿ ಕತ್ತರಿಸಿದರೆ ಒಗೆದಾಗ ಬಿಚ್ಚಿಕೊಳ್ಳುತ್ತದೆ. ಆರೋನನ ನಿಲುವಂಗಿಯ ಕುತ್ತಿಗೆ ಹರಿಯದಂತೆ ಸುತ್ತಲೂ ನೇಯ್ದ ಪಟ್ಟಿ ಇರಬೇಕೆಂದು ದೇವರೇ ಹೇಳಿದ್ದು ವಿಮೋಚನಕಾಂಡ 28:32ರಲ್ಲಿದೆ. ಅದನ್ನು ನೆನೆದು ಈ ಕೆಲಸಕ್ಕೆ ಕೊನೆಯ ಹತ್ತು ನಿಮಿಷ ಉಳಿಸಿಕೊ, ಅವಸರದಲ್ಲಿ ಎಲ್ಲರೂ ಬಿಡುವುದು ಇದನ್ನೇ.

ಪಿನ್‌ಗಳನ್ನು ತಲೆಗೆ ಎರಡರಂತೆ ಲೆಕ್ಕ ಹಾಕಿ, ಮೇಲೆ ಒಂದು ಡಜನ್ ಜಾಸ್ತಿಯೇ ತೆಗೆದುಕೊಂಡು ಹೋಗು.

ಪ್ರಾರ್ಥನೆಯೊಂದಿಗೆ,
ನಿನ್ನ ಅಮ್ಮ