ಏರಿಕೆ ಇಳಿಕೆಯ ಚಿಹ್ನೆಗಳ ಬಗ್ಗೆ ಮಗಳಿಗೊಂದು ಪತ್ರ

ಉದ್ಯಮಬಾಗ, ಬೆಳಗಾವಿ

ಚಿರಂಜೀವಿ ಮಗಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಬಾಗಲಕೋಟೆಯ ನವನಗರದಿಂದ ನೀನು ಕಳುಹಿಸಿದ ಎರಡೂ ಫೋಟೋಗಳನ್ನು ನೋಡಿದೆ. ಲ್ಯಾಬಿನ ಪರದೆಯ ಮೇಲೆ 7 6 5, ನಿನ್ನ ಮೊಬೈಲಿನ ಆ್ಯಪ್‌ನಲ್ಲಿ 5 6 7. ಪ್ರೋಗ್ರಾಂ ಮಾತ್ರ ಒಂದೇ: ಐದನ್ನು ಹಿಡಿದಿಟ್ಟುಕೊಂಡ ಒಂದು ಚರವನ್ನು ಒಂದೇ ಪ್ರಿಂಟ್‌ಎಫ್ ಸಾಲಿನಲ್ಲಿ ಮೂರು ಸಲ, ಹೆಸರಿನ ನಂತರ ++ (ಒಂದು ಏರಿಸು ಎಂಬ ಚಿಹ್ನೆ) ಹಾಕಿ ಮುದ್ರಿಸಿದ್ದೀಯೆ. ಯಾವುದು ಸರಿ ಎಂದು ಕೇಳಿದ್ದೀಯೆ. ಆ ಪ್ರಶ್ನೆಗೆ ಸಿ ಭಾಷೆಯಲ್ಲಿ ಉತ್ತರವೇ ಇಲ್ಲ ಮಗಳೇ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಗೆಳತಿಯರೆಲ್ಲ ಇಂಥ ಒಗಟುಗಳ ಜೆರಾಕ್ಸ್ ಕಟ್ಟನ್ನು ಬಾಯಿಪಾಠ ಮಾಡುತ್ತಿದ್ದಾರೆ, ನಾನೂ ಮಾಡಲೇ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಮನಸ್ಸಿಗೆ ನೋವಾಯಿತು. ಮಾಡಬೇಡ. ಏಕೆ ಬೇಡ ಎಂಬುದನ್ನು ಕುಳಿತು ಬರೆಯುತ್ತಿದ್ದೇನೆ. ಚರಗಳಿಗೆ ಕನ್ನಡದ ಅಕ್ಷರಗಳನ್ನೇ ಇಟ್ಟಿದ್ದೇನೆ, ಯಂತ್ರದಲ್ಲಿ ಬರೆಯುವಾಗ ನಿನಗೆ ಬೇಕಾದ ಹೆಸರು ಹಾಕಿಕೊ.

ಈ ಚಿಹ್ನೆ ಕಂಡಾಗಲೆಲ್ಲ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊ. ಇದು ಕೊಡುವ ಬೆಲೆ ಎಷ್ಟು? ಇದು ಮಾಡುವ ಬದಲಾವಣೆ ಏನು? ‘ಕ’ದಲ್ಲಿ 5 ಇದ್ದಾಗ ಕ++ ಕೊಡುವ ಬೆಲೆ 5, ++ಕ ಕೊಡುವ ಬೆಲೆ 6. ಬದಲಾವಣೆ ಎರಡರಲ್ಲೂ ಒಂದೇ, ‘ಕ’ 6 ಆಗುತ್ತದೆ. ಇಳಿಕೆಯಲ್ಲೂ ಹಾಗೆಯೇ: ಕ-- ಕೊಡುವುದು 5, --ಕ ಕೊಡುವುದು 4, ಉಳಿಯುವುದು 4. ಬದಲಾವಣೆ ಬರೆದಿಡಲು ಒಂದು ಜಾಗ ಬೇಕು, ಆದ್ದರಿಂದಲೇ 5++ ಎಂದಾಗಲಿ (ಅ+ಬ)++ ಎಂದಾಗಲಿ ಬರೆದರೆ, ಪ್ರೋಗ್ರಾಮನ್ನು ಯಂತ್ರಭಾಷೆಗೆ ಅನುವಾದಿಸುವ ಕಂಪೈಲರ್ ಒಪ್ಪುವುದಿಲ್ಲ. ++ಕ++ ಕೂಡ ಅದೇ ಕಾರಣಕ್ಕೆ ಬಿದ್ದುಹೋಗುತ್ತದೆ: ಕ++ ಕೊಟ್ಟದ್ದು ಬರಿಯ ಬೆಲೆ, ಅದಕ್ಕೆ ಸ್ವಂತ ವಿಳಾಸವಿಲ್ಲ.

ನಿನಗೆ ತರಗತಿಯಲ್ಲಿ ‘ಮೊದಲು ಬಳಸು, ಆಮೇಲೆ ಏರಿಸು’ ಎಂಬ ಸೂತ್ರ ಹೇಳಿಕೊಟ್ಟಿರಬೇಕು. ಎಲ್ಲರೂ ಹೇಳುವುದು ಅದನ್ನೇ. ಎಲ್ಲ ಗೊಂದಲದ ಬೇರು ಆ ಸೂತ್ರದಲ್ಲಿದೆ ಎಂದು ನಾನು ನಂಬುತ್ತೇನೆ, ಏಕೆಂದರೆ ಅದು ಕಾಲದ ಮಾತಾಡುತ್ತದೆ. ಸಿ ಭಾಷೆಯ ಮಾನಕ, ಅಂದರೆ ಅದರ ಅಧಿಕೃತ ನಿಯಮಗ್ರಂಥ, ಕೊಡುವ ಭರವಸೆ ಬೆಲೆಯ ಬಗ್ಗೆ: ಕ++ ಎಂದರೆ ಹಳೆಯ ಬೆಲೆ ಸಿಗುತ್ತದೆ. ಏರಿಕೆ ನಡೆಯುವ ಗಳಿಗೆಯನ್ನು ಅದು ಕಂಪೈಲರಿಗೆ ಬಿಟ್ಟಿದೆ. ಮುಂದಿನ ‘ಅನುಕ್ರಮ ಬಿಂದು’ ಬರುವುದರೊಳಗೆ ಯಾವಾಗ ಬೇಕಾದರೂ ಮಾಡಿ ಮುಗಿಸಬಹುದು. ಹಳೆಯ ಬೆಲೆಯನ್ನು ಒಂದು ಕಡೆ ಎತ್ತಿಟ್ಟುಕೊಂಡು ಮೊದಲೇ ಏರಿಸಿಬಿಟ್ಟರೂ ತಪ್ಪಿಲ್ಲ.

ಅನುಕ್ರಮ ಬಿಂದು ಎಂದರೆ ಅಲ್ಲಿಯವರೆಗಿನ ಬದಲಾವಣೆಗಳೆಲ್ಲ ಮುಗಿದಿರಲೇಬೇಕಾದ ಗಡಿ. ಹೇಳಿಕೆಯ ಕೊನೆಯ ಅರ್ಧವಿರಾಮ ಚಿಹ್ನೆ ಅಂಥದೊಂದು ಗಡಿ. && ಮತ್ತು || ಚಿಹ್ನೆಗಳ ಎಡಭಾಗ ಮುಗಿದ ಜಾಗ, ಪ್ರಶ್ನಾರ್ಥಕ ಚಿಹ್ನೆಯ ಷರತ್ತು ಮುಗಿದ ಜಾಗ, ಅಲ್ಪವಿರಾಮ ಆಪರೇಟರ್, ಇವೂ ಗಡಿಗಳೇ. ಆದರೆ ಇಲ್ಲೊಂದು ಮೋಸಹೋಗುವ ತಾಣವಿದೆ. ಪ್ರಿಂಟ್‌ಎಫ್‌ನಂಥ ಫಂಕ್ಷನ್ನಿನ ಆವರಣದೊಳಗೆ ಆರ್ಗ್ಯುಮೆಂಟುಗಳನ್ನು, ಅಂದರೆ ಅದಕ್ಕೆ ಕೊಡುವ ಬೆಲೆಗಳನ್ನು, ಬೇರ್ಪಡಿಸುವ ಅಲ್ಪವಿರಾಮ ಆಪರೇಟರ್ ಅಲ್ಲ, ಅಲ್ಲಿ ಗಡಿ ಇಲ್ಲ. ಯಾವ ಆರ್ಗ್ಯುಮೆಂಟನ್ನು ಮೊದಲು ಲೆಕ್ಕ ಹಾಕಬೇಕೆಂಬ ನಿಯಮವೂ ಇಲ್ಲ. ನಿನ್ನ ಮೂರು ++ಗಳು ಸಿಕ್ಕಿಬಿದ್ದಿರುವುದು ಅಲ್ಲೇ. ಲ್ಯಾಬಿನ ಕಂಪೈಲರ್ ಜಿಸಿಸಿ ಇರಬೇಕು, ಅದು ಸಾಮಾನ್ಯವಾಗಿ ಬಲದಿಂದ ಎಡಕ್ಕೆ ನಡೆದು 7 6 5 ತೋರಿಸುತ್ತದೆ. ಮೊಬೈಲಿನದು ಕ್ಲಾಂಗ್ ಇರಬೇಕು, ಅದು ಎಡದಿಂದ ಬಲಕ್ಕೆ ನಡೆದು 5 6 7 ತೋರಿಸುತ್ತದೆ. ಇಬ್ಬರೂ ಯಾವ ನಿಯಮವನ್ನೂ ಮುರಿದಿಲ್ಲ. ನಿಯಮ ಮುರಿದದ್ದು ನಿನ್ನ ಸಾಲು. ಅಡತಿ ಅಂಗಡಿಯ ಖಾತೆಯ ಒಂದೇ ಸಾಲನ್ನು ಮೂವರು ಗುಮಾಸ್ತರ ಕೈಗೆ ಕೊಟ್ಟು, ಯಾರು ಮೊದಲು ತಿದ್ದಬೇಕೆಂದು ಹೇಳದೆ ಎದ್ದುಹೋದರೆ ಸಂಜೆ ಬಾಕಿ ಎಷ್ಟೆಂದು ಯಾರನ್ನು ಕೇಳುತ್ತೀಯೆ?

1989ರ ಮಾನಕದಿಂದಲೂ ನಿಯಮ ಸ್ಪಷ್ಟವಾಗಿದೆ: ಎರಡು ಅನುಕ್ರಮ ಬಿಂದುಗಳ ನಡುವೆ ಒಂದು ಚರದ ಬೆಲೆಯನ್ನು ಒಮ್ಮೆ ಮಾತ್ರ ಬದಲಿಸಬೇಕು. ಹಾಗೆ ಬದಲಿಸುವಾಗ ಅದರ ಹಳೆಯ ಬೆಲೆಯನ್ನು ಓದುವುದು ಹೊಸ ಬೆಲೆಯನ್ನು ಲೆಕ್ಕಹಾಕಲಿಕ್ಕೆ ಮಾತ್ರ ಇರಬೇಕು. 2011ರ ಮಾನಕ ಇದನ್ನೇ ಬೇರೆ ಪದಗಳಲ್ಲಿ ಹೇಳಿತು. ಮೀರಿದರೆ ಅದು ಅನಿರ್ದಿಷ್ಟ ವರ್ತನೆ, ಅಂದರೆ ಪ್ರೋಗ್ರಾಂ ಏನು ಮಾಡಿದರೂ ಕೇಳುವಂತಿಲ್ಲ. ಜೆರಾಕ್ಸ್ ಕಟ್ಟಿನಲ್ಲಿರುವ ಕ = ಕ++ + ++ಕ, ಪಟ್ಟಿ[ಕ] = ಕ++, ಕೊನೆಗೆ ಬರಿಯ ಕ = ಕ++ ಕೂಡ ಈ ನಿಯಮಕ್ಕೆ ಹೊರಗಿನವು. ಅವುಗಳ ಮುಂದೆ ಬರೆದಿರುವ ಉತ್ತರ ಯಾರದೋ ಒಂದು ಯಂತ್ರ ಒಂದು ದಿನ ತೋರಿಸಿದ ಸಂಖ್ಯೆ. ಅದನ್ನು ಬಾಯಿಪಾಠ ಮಾಡಿ ನೀನು ಏನು ಕಲಿತಂತಾಯಿತು?

ಪರೀಕ್ಷೆಯಲ್ಲಿ ಬಂದರೆ ಏನು ಮಾಡಲಿ ಎಂಬ ನಿನ್ನ ಭಯ ನನಗೆ ಅರ್ಥವಾಗುತ್ತದೆ. ಈ ಹೇಳಿಕೆಗೆ ಸಿ ಮಾನಕದಲ್ಲಿ ನಿಶ್ಚಿತ ಉತ್ತರವಿಲ್ಲ ಎಂದು ಮೊದಲು ಬರೆ, ಕಾರಣವನ್ನು ಒಂದು ಸಾಲಿನಲ್ಲಿ ಹೇಳು, ಅದರ ಕೆಳಗೆ ಲ್ಯಾಬಿನ ಕಂಪೈಲರ್ ಕೊಡುವ ಸಂಖ್ಯೆಯನ್ನೂ ಬರೆ. ಪರೀಕ್ಷೆಗೆ ಮುಂಚೆಯೇ ನಿನ್ನ ಅಧ್ಯಾಪಕರನ್ನು ಹೋಗಿ ಕಾಣು. ತರಗತಿಯ ನಡುವೆ ಎದ್ದು ನಿಂತು ಕೇಳಬೇಡ, ಎಲ್ಲರೆದುರು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿದಂತಾಗುತ್ತದೆ. ಸಂಜೆ ಅವರ ಕೋಣೆಗೆ ಹೋಗಿ ಎರಡೂ ಫೋಟೋಗಳನ್ನು ಮುಂದಿಟ್ಟು, ಸರ್, ಇದು ಹೀಗೇಕೆ ಎಂದು ಕೇಳು. ಜಿಸಿಸಿಗೆ ಸಾಮಾನ್ಯವಾಗಿ ಬೇಕಾಗುವ ಎಚ್ಚರಿಕೆಗಳನ್ನು ತೋರಿಸುವ ‘-ವಾಲ್’ (-Wall) ಆಯ್ಕೆಯನ್ನು ಕೊಟ್ಟು ನಡೆಸಿದರೆ, ಈ ಚರದ ಮೇಲಿನ ಕ್ರಿಯೆ ಅನಿರ್ದಿಷ್ಟವಾಗಿರಬಹುದು ಎಂದು ಅದೇ ಹೇಳುತ್ತದೆ. ಆ ಪರದೆಯನ್ನೂ ತೋರಿಸು. ನಿಜವಾಗಿ ಕಲಿಸುವ ಮನಸ್ಸಿರುವವರು ಸಂತೋಷಪಡುತ್ತಾರೆ. ಇನ್ನು ಮುಂದೆ ಆ ಆಯ್ಕೆಯಿಲ್ಲದೆ ಒಂದು ಪ್ರೋಗ್ರಾಮನ್ನೂ ಕಂಪೈಲ್ ಮಾಡಬೇಡ, ಇದು ನನ್ನ ಕಟ್ಟಪ್ಪಣೆ ಎಂದೇ ತಿಳಿದುಕೊ.

ಇಷ್ಟು ಓದಿ ++ ಎಂದರೆ ಕೇಡಿನ ಚಿಹ್ನೆ ಎಂದುಕೊಳ್ಳಬೇಡ. ಅದು ಬಹಳ ಚೆಂದದ ಚಿಹ್ನೆ, ಸಿ ಭಾಷೆಗಿಂತಲೂ ಹಳೆಯದು. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಅವರು ಸಿ ಭಾಷೆಯ ತಾಯಿಯಾದ ಬಿ ಭಾಷೆಯನ್ನು ಕಟ್ಟಿದಾಗ ಇದನ್ನು ಕಲ್ಪಿಸಿದರು. ಪಿಡಿಪಿ-11 ಯಂತ್ರದಲ್ಲಿ ವಿಳಾಸ ತಾನಾಗಿ ಏರುವ ಸೌಲಭ್ಯವಿತ್ತು, ಅದನ್ನು ನೋಡಿ ಈ ಚಿಹ್ನೆ ಮಾಡಿದರು ಎಂದು ಅನೇಕರು ಬರೆಯುತ್ತಾರೆ. ಅದು ಸಾಧ್ಯವೇ ಇಲ್ಲ. ಬಿ ಭಾಷೆ ರೂಪುಗೊಂಡಾಗ ಪಿಡಿಪಿ-11 ಇರಲೇ ಇಲ್ಲ ಎಂದು ಸಿ ಭಾಷೆಯನ್ನು ರೂಪಿಸಿದ ಡೆನ್ನಿಸ್ ರಿಚಿ ಅವರೇ ಸ್ಪಷ್ಟಪಡಿಸಿದ್ದಾರೆ. ಥಾಂಪ್ಸನ್ ಅವರ ಕೈಯಲ್ಲಿದ್ದದ್ದು ಪಿಡಿಪಿ-7 ಯಂತ್ರ, ಅದರಲ್ಲಿ ತಮ್ಮೊಳಗಿನ ವಿಳಾಸದ ಮೂಲಕ ಬೇರೆ ಜಾಗವನ್ನು ಮುಟ್ಟಿದಾಗ ತಾನಾಗಿ ಏರುವ ಕೆಲವು ಸ್ಮೃತಿಕೋಶಗಳಿದ್ದವು. ಅವು ಹೊಳಹು ಕೊಟ್ಟಿರಬಹುದು. ಅದಕ್ಕಿಂತ ಬಲವಾದ ಕಾರಣವೆಂದು ರಿಚಿ ಹೇಳುವುದು ಇದು: ಕ = ಕ + 1 ಎಂಬುದಕ್ಕಿಂತ ++ಕ ಎಂಬುದರ ಅನುವಾದ ಚಿಕ್ಕದಾಗುತ್ತಿತ್ತು. 8 ಸಾವಿರ ಪದಗಳಷ್ಟು ಮಾತ್ರ ಸ್ಮೃತಿಯಿದ್ದ ಯಂತ್ರದಲ್ಲಿ ಅದು ದೊಡ್ಡ ಉಳಿತಾಯ. ಇಂದಿನ ಕಂಪೈಲರುಗಳಿಗೆ ಆ ಚಿಂತೆ ಇಲ್ಲ. ಬೆಲೆಯನ್ನು ಬಳಸದೆ ಬರಿದೆ ಏರಿಸುವಾಗ ಕ++, ++ಕ, ಕ += 1 ಮೂರೂ ಒಂದೇ ಬಗೆಯ ಯಂತ್ರಸೂಚನೆಗಳಾಗುತ್ತವೆ. ಫಾರ್ ಲೂಪಿನಲ್ಲಿ ++ಕ ವೇಗವಾಗಿ ಓಡುತ್ತದೆ ಎಂದು ವಾದಿಸುವವರೊಡನೆ ಹೊತ್ತು ಕಳೆಯಬೇಡ.

ಈ ಚಿಹ್ನೆಯ ನಿಜವಾದ ಸೊಗಸು ಕಾಣುವುದು ಪಾಯಿಂಟರುಗಳಲ್ಲಿ, ಅಂದರೆ ವಿಳಾಸವನ್ನು ಹಿಡಿದಿಡುವ ಚರಗಳಲ್ಲಿ. ಒಂದು ಸ್ಟ್ರಿಂಗನ್ನು, ಅಂದರೆ ಅಕ್ಷರಗಳ ಸಾಲನ್ನು, ಇನ್ನೊಂದು ಜಾಗಕ್ಕೆ ನಕಲು ಮಾಡಲು ವೈಲ್ ಲೂಪಿನ ಆವರಣದಲ್ಲಿ *ಗ++ = *ಮ++ ಎಂದಷ್ಟೇ ಬರೆದರೆ ಸಾಕು, ಲೂಪಿನ ಒಡಲು ಖಾಲಿ. ‘ಮ’ ಮೂಲ, ‘ಗ’ ಗುರಿ. ಹೆಸರಿನ ನಂತರ ಬರುವ ++ ನಕ್ಷತ್ರಕ್ಕಿಂತ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಆದ್ದರಿಂದ *ಮ++ ಎಂದರೆ *(ಮ++). ಕೊಟ್ಟ ಬೆಲೆ ಹಳೆಯ ವಿಳಾಸ, ಅಲ್ಲಿರುವ ಅಕ್ಷರ ನಮಗೆ ಸಿಗುತ್ತದೆ. ಬದಲಾವಣೆ ಪಾಯಿಂಟರಿಗೆ ಆಗುತ್ತದೆ, ಅದು ಮುಂದಿನ ಅಕ್ಷರಕ್ಕೆ ಸರಿಯುತ್ತದೆ. ನಕಲಾದ ಅಕ್ಷರ ಸೊನ್ನೆಯಾದಾಗ, ಅಂದರೆ ಸ್ಟ್ರಿಂಗ್ ಮುಗಿದಾಗ, ಲೂಪ್ ನಿಲ್ಲುತ್ತದೆ. ಒಂದೇ ಹೇಳಿಕೆಯಲ್ಲಿ ಎರಡು ++ ಇವೆಯಲ್ಲ ಎಂದು ನೀನು ಕೇಳಬಹುದು. ಇವೆ, ಆದರೆ ಎರಡು ಬೇರೆ ಚರಗಳ ಮೇಲೆ, ಪ್ರತಿಯೊಂದೂ ಒಮ್ಮೆ ಮಾತ್ರ ಬದಲಾಗುತ್ತದೆ. ಆವರಣ ಹಾಕಿ (*ಮ)++ ಎಂದು ಬರೆದರೆ ಕಥೆಯೇ ಬೇರೆ: ಪಾಯಿಂಟರ್ ಅಲ್ಲೇ ನಿಂತು, ಅದು ತೋರುವ ಬೆಲೆ ಏರುತ್ತದೆ. ಪೂರ್ಣಾಂಕದ ಪಾಯಿಂಟರನ್ನು ಒಂದು ಏರಿಸಿದರೆ ವಿಳಾಸ ಒಂದು ಬೈಟ್ ಸರಿಯದೆ ಒಂದು ಪೂರ್ಣಾಂಕದಷ್ಟು ಸರಿಯುತ್ತದೆ, ಇಂದಿನ ಹೆಚ್ಚಿನ ಯಂತ್ರಗಳಲ್ಲಿ 4 ಬೈಟ್.

ಇಳಿಕೆಯಲ್ಲಿ ಒಂದೇ ಒಂದು ಎಚ್ಚರ ಹೇಳುತ್ತೇನೆ. ಋಣಸಂಖ್ಯೆ ಹಿಡಿಯಲಾರದ ಅನ್‌ಸೈನ್ಡ್ ಚರವನ್ನು ಇಳಿಸುತ್ತ ಕ >= 0 ಇರುವವರೆಗೆ ಎಂದು ಲೂಪ್ ಬರೆದರೆ ಅದು ಎಂದೂ ನಿಲ್ಲುವುದಿಲ್ಲ. ಸೊನ್ನೆಯಿಂದ ಕೆಳಗಿಳಿದರೆ ಅದು ತನ್ನ ಗರಿಷ್ಠ ಬೆಲೆಗೆ ಹಾರುತ್ತದೆ. ವೈಲ್ ಲೂಪಿನಲ್ಲಿ ಕ-- > 0 ಎಂಬ ಷರತ್ತು ಬರೆದರೆ ಸರಿಯಾಗಿ ನಡೆಯುತ್ತದೆ, ಒಡಲಿನೊಳಗೆ ಕೊನೆಯ ಸುತ್ತಿನಲ್ಲಿ ಸೊನ್ನೆ ಸಿಗುತ್ತದೆ. ಲೂಪ್ ಮುಗಿದ ಮೇಲೆ ಆ ಚರವನ್ನು ನಂಬಬೇಡ.

ನಾನಿರುವ ಈ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳೂ ಯಂತ್ರದ ಅಂಗಡಿಗಳೂ ತುಂಬಿವೆ. ನಾನು ಬರೆಯುವ ಪ್ರೋಗ್ರಾಮುಗಳಲ್ಲಿ ಹೆಚ್ಚಿನವು ತಯಾರಾದ ಬಿಡಿಭಾಗಗಳನ್ನು ಎಣಿಸುವಂಥವು, ಅಂದರೆ ನಮ್ಮ ಅನ್ನ ಬರುವುದೇ ++ ಚಿಹ್ನೆಯಿಂದ. ನೋಡಲು ಒಂದೇ ಕ್ರಿಯೆಯಂತೆ ಕಂಡರೂ ಚಿಕ್ಕ ನಿಯಂತ್ರಕದಲ್ಲಿ ಅದು ಓದು, ಕೂಡು, ಬರೆ ಎಂಬ ಮೂರು ಹೆಜ್ಜೆ. ನಡುವೆ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆದು ನುಗ್ಗುವ ತುರ್ತು ಕರೆ) ಬಂದು ಅದೇ ಎಣಿಕೆಯನ್ನು ತಾನೂ ಏರಿಸಿದರೆ ಒಂದು ಬಿಡಿಭಾಗ ಲೆಕ್ಕದಿಂದ ಕಾಣೆಯಾಗುತ್ತದೆ. ಇದನ್ನು ನೀನು ಮುಂದಿನ ಸೆಮಿಸ್ಟರುಗಳಲ್ಲಿ ಓದುತ್ತೀಯೆ. ಅಲ್ಲಿಗೆ ಹೋದಾಗ ಬೆಲೆ ಬೇರೆ, ಬದಲಾವಣೆ ಬೇರೆ ಎಂಬ ಅಭ್ಯಾಸ ನಿನಗೆ ಆಗಲೇ ಕೈಗೂಡಿರಬೇಕೆಂದು ನನ್ನ ಆಸೆ.

ಈ ವಾರ ಒಂದು ಕೆಲಸ ಮಾಡು. ಸ್ಟ್ರಿಂಗನ್ನು ಹಿಂದುಮುಂದಾಗಿಸುವ ಪ್ರೋಗ್ರಾಂ ಬರೆ: ಎಡತುದಿಯಿಂದ ಒಂದು ಪಾಯಿಂಟರ್ ++ ಆಗುತ್ತ ಬರಲಿ, ಬಲತುದಿಯಿಂದ ಇನ್ನೊಂದು -- ಆಗುತ್ತ ಬರಲಿ. ಖಾಲಿ ಸ್ಟ್ರಿಂಗ್ ಕೊಟ್ಟಾಗ ಬಲಗಡೆಯ ಪಾಯಿಂಟರ್ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಯಂತ್ರ ಮುಟ್ಟುವ ಮೊದಲು ಕಾಗದದ ಮೇಲೆ ಬರೆದು ನೋಡು. ಲ್ಯಾಬಿನಲ್ಲೂ ಮೊಬೈಲಿನಲ್ಲೂ ನಡೆಸಿ, ಎರಡೂ ಪರದೆಗಳ ಜೊತೆಗೆ ಆ ಕಾಗದದ ಫೋಟೋವನ್ನೂ ಕಳುಹಿಸು. ಅಣ್ಣನಿಗೂ ವೈನಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ಕಾಕಾ