ಮೂಲೆ ಹಿಡಿದ ನಾಯಿಗಳಿಗೆ ನಾಲ್ಕು ಕೋಣೆ: ದೇಣಿಗೆ ಮನವಿ

ಮಾನ್ಯರೇ,

ದತ್ತು ಕೊಡುವ ಭಾನುವಾರ ಮೈಸೂರಿನ ನಮ್ಮ ಆಶ್ರಯಧಾಮಕ್ಕೆ ಬಂದವರು ಮೊದಲು ನೋಡುವುದು ಮರಿಗಳನ್ನು. ಆಮೇಲೆ, ಜಾಲರಿಗೆ ಮೂತಿ ಒತ್ತಿ ಬಾಲ ಆಡಿಸುವ ನಾಯಿಗಳನ್ನು. ಗೋಡೆ ಕಡೆ ಮುಖ ಮಾಡಿ ಮುದುಡಿ ಕೂತ ಮೂರು ನಾಲ್ಕು ವರ್ಷದ ನಾಡನಾಯಿ ಕಣ್ಣಿಗೆ ಬಿದ್ದರೂ ‘ಇದು ಒಗ್ಗಲ್ಲ ಬಿಡಿ’ ಅಂದು ಮುಂದೆ ಹೋಗುತ್ತಾರೆ. ಒಗ್ಗುತ್ತದೆ. ಆದರೆ ಹಗಲೆಲ್ಲ ಬೊಗಳಾಟವಿರುವ ಸಾಲಿನಲ್ಲಿಟ್ಟು ಒಗ್ಗಿಸಲಾಗದು. ಇಂಥವಕ್ಕಾಗಿಯೇ ಕಾಂಪೌಂಡಿನ ಹಿಂಬದಿಯಲ್ಲಿ ನಾಲ್ಕು ಕೋಣೆ ಕಟ್ಟಲು ನಿಮ್ಮ ನೆರವು ಕೇಳುತ್ತಿದ್ದೇವೆ.

ಕೋಣೆ ದೊಡ್ಡದೇನಲ್ಲ, 6 ಅಡಿಗೆ 8 ಅಡಿ. ತಗಡಿನ ಚಾವಣಿ ಅಗ್ಗ. ಆದರೆ ಮಳೆ ಬಿದ್ದರೆ ತಲೆ ಮೇಲೆ ತಮಟೆ ಬಾರಿಸಿದ ಹಾಗೆ, ಏಪ್ರಿಲ್‌ನಲ್ಲಿ ಒಳಗೆ ಬೇಯುವ ಧಗೆ. ಹಾಗಾಗಿ ಹೆಂಚು. ನುಣುಪು ಟೈಲ್ಸ್ ಮೇಲೆ ಹೆದರಿದ ನಾಯಿ ಕಾಲು ಜಾರಿ ನಿಂತಲ್ಲೇ ನಿಂತುಬಿಡುತ್ತದೆ, ಆದ್ದರಿಂದ ನೆಲಕ್ಕೆ ಒರಟು ಸಿಮೆಂಟು. ಬಾಗಿಲು ಎರಡು, ಒಂದರ ಹಿಂದೊಂದು: ಭಯಬಿದ್ದ ನಾಯಿ ಮನುಷ್ಯರ ಕಾಲಸಂದಿಯಲ್ಲೇ ನುಗ್ಗಿ ಓಡುತ್ತದೆ.

ಮುದುಡಿ ಕೂತದ್ದೆಲ್ಲ ಭಯದಿಂದಲೇ ಅಲ್ಲ. ಉಣ್ಣೆ ಹುಳು ಕಚ್ಚಿ ಜ್ವರ ಬಂದ ನಾಯಿಯೂ ಹೀಗೇ ಮೂಲೆ ಹಿಡಿದು ಊಟ ಬಿಡುತ್ತದೆ. ಅದಕ್ಕೇ ಮೊದಲು ರಕ್ತಪರೀಕ್ಷೆ. ಆ ಜ್ವರ ತರುವ ಎರ್ಲಿಕಿಯಾ ಎಂಬ ರೋಗಾಣು ಕಂಡರೆ ವೈದ್ಯರು ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಬರೆಯುತ್ತಾರೆ. ನಾಲ್ಕನೇ ದಿನ ತಟ್ಟೆ ಖಾಲಿಯಾಯಿತೆಂದು ಮಾತ್ರೆ ನಿಲ್ಲಿಸಿದರೆ ಜ್ವರ ಮರಳಬಹುದು. ರೇಬೀಸ್ ಲಸಿಕೆ, ಜಂತುಹುಳು ಮಾತ್ರೆ, ಸಂತಾನಹರಣ ಶಸ್ತ್ರಚಿಕಿತ್ಸೆ ಎಲ್ಲ ನಾಯಿಗಳಿಗೂ ಇದ್ದದ್ದೇ.

ಇನ್ನುಳಿದದ್ದು ಕೂರುವ ಕೆಲಸ. ಇದೇ ದುಬಾರಿ. ದಿನಕ್ಕೆ ಎರಡು ಸಲ, ಹದಿನೈದು ಇಪ್ಪತ್ತು ನಿಮಿಷ, ಒಬ್ಬರೇ ಹೋಗಿ ನಾಯಿಗೆ ಪಕ್ಕ ತಿರುಗಿ ನೆಲದ ಮೇಲೆ ಕೂರಬೇಕು. ದಿಟ್ಟಿಸಿ ನೋಡಬಾರದು, ಕೈ ಚಾಚಬಾರದು. ಕೈಯಲ್ಲಿ ಕೋಳಿ ತುಂಡು ಹಿಡಿದು ಕರೆದರೆ ಆಸೆಗೆ ಹತ್ತಿರ ಬಂದೀತು; ತಿಂದು ಮುಗಿಸಿ ತಲೆ ಎತ್ತಿದಾಗ ಮನುಷ್ಯರ ಮಗ್ಗುಲಲ್ಲೇ ಇರುವುದು ಗೊತ್ತಾಗಿ ದಿಗಿಲಾಗುತ್ತದೆ, ಕಚ್ಚಲೂಬಹುದು. ತುಂಡನ್ನು ನಾಯಿಯ ಹಿಂದಕ್ಕೆ ಎಸೆಯಬೇಕು. ದೂರ ಸರಿದರೂ ತಿಂಡಿ ಸಿಗುತ್ತದೆಂದು ತಿಳಿದ ನಾಯಿ ತಾನಾಗಿ ಒಂದೊಂದೇ ಹೆಜ್ಜೆ ಮುಂದೆ ಬರುತ್ತದೆ. ತುಟಿ ನೆಕ್ಕಿದರೆ, ನಿದ್ದೆಯಿಲ್ಲದೆ ಆಕಳಿಸಿದರೆ ಅಂದಿಗೆ ಸಾಕು, ಎದ್ದು ಬರಬೇಕು. ಕೆಲವಕ್ಕೆ ಮೂರು ವಾರ, ಕೆಲವಕ್ಕೆ ಮೂರು ತಿಂಗಳೂ ಆಗುತ್ತದೆ. ಈ ಕೆಲಸಕ್ಕೆಂದೇ ಒಬ್ಬರನ್ನು ನೇಮಿಸಬೇಕು, ಅವರ ಸಂಬಳಕ್ಕೂ ದೇಣಿಗೆ ಬೇಕು.

ದತ್ತು ಹೋಗುವ ಪ್ರತಿ ನಾಯಿಯ ಜೊತೆ ಒಂದು ಹಾರ್ನೆಸ್, ಎಳೆದರೆ ಬಿಗಿಯಾಗುವ ಮಾರ್ಟಿಂಗೇಲ್ ಕಾಲರ್, ಎರಡು ಹಗ್ಗ ಕೊಡುತ್ತೇವೆ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಸಾಮಾನ್ಯ ಪಟ್ಟಿಯಿಂದ ತಲೆ ಕಳಚಿಕೊಳ್ಳುತ್ತದೆ. ಆಟೋದಿಂದ ಇಳಿಸುವಾಗ, ಗೇಟು ತೆಗೆಯುವಾಗ ತಪ್ಪಿಸಿಕೊಳ್ಳುವುದೇ ಹೆಚ್ಚು. ತಲೆ ತೂರುವ ಗ್ರಿಲ್ಲಿಗೆಲ್ಲ ಜಾಲರಿ ಕಟ್ಟಿಸಿ ಎಂದು ಮನೆಯವರಿಗೆ ಮೊದಲೇ ಹೇಳುತ್ತೇವೆ. ಓಡಿಹೋದರೆ ಅಟ್ಟಿಸಿಕೊಂಡು ಹೋಗಬೇಡಿ. ತಪ್ಪಿಸಿಕೊಂಡ ಜಾಗದಲ್ಲೇ ಅದರ ಹಾಸಿಗೆ ಬಟ್ಟೆ, ಊಟ ಇಟ್ಟು ರಾತ್ರಿ ಸದ್ದಡಗಿದ ಮೇಲೆ ದೂರ ಕೂತು ಕಾಯಿರಿ.

ದಸರೆಯಲ್ಲಿ ಫಿರಂಗಿ ಹಾರಿಸುವ ಕುಶಾಲತೋಪಿನಿಂದ ದೀಪಾವಳಿ ಪಟಾಕಿ ಮುಗಿಯುವವರೆಗೆ ಇವನ್ನು ಹೊಸ ಮನೆಗೆ ಕಳಿಸುವುದಿಲ್ಲ. ಆನೆ, ಕುದುರೆಗಳಿಗಾದರೆ ಫಿರಂಗಿ ಸದ್ದಿನ ತಾಲೀಮು ಕೊಡುತ್ತಾರೆ, ನಾಯಿಗೆ ಕೊಡುವವರಿಲ್ಲ. ಆ ದಿನಗಳ ಊಟ, ಔಷಧದ ಹೊರೆ ಆಶ್ರಯಧಾಮದ ಮೇಲೇ.

ಹುಟ್ಟುಹಬ್ಬಕ್ಕೆ ಬಿರಿಯಾನಿ ತರುವವರಲ್ಲಿ ವಿನಂತಿ: ಈರುಳ್ಳಿ, ಮಸಾಲೆ, ಬೆಂದ ಮೂಳೆ ಮೂರೂ ನಾಯಿಗೆ ಕೇಡು. ಬದಲಿಗೆ ಅಕ್ಕಿ, ಮೊಟ್ಟೆ, ಮೂಳೆ ತೆಗೆದ ಕೋಳಿ ತನ್ನಿ, ನಾವೇ ಬೇಯಿಸುತ್ತೇವೆ. ಹಳೆ ಬೆಡ್‌ಶೀಟು, ಒಗೆದ ಗೋಣಿಚೀಲ, ಸ್ಟೀಲ್ ತಟ್ಟೆಯೂ ಆದೀತು. ಹತ್ತಿ ತುಂಬಿದ ದಿಂಬು ಬೇಡ, ಹರಿದು ನುಂಗುತ್ತವೆ.

ಹಣ ಕೊಡುವವರು ಕೋಣೆಗೋ, ಸಂಬಳಕ್ಕೋ, ಔಷಧಕ್ಕೋ ತಿಳಿಸಿದರೆ ರಸೀದಿಯಲ್ಲಿ ಹಾಗೆಯೇ ಬರೆಯುತ್ತೇವೆ. ಸಂಬಳದ ಬಾಬ್ತಿಗೆ ಒಮ್ಮೆಗೇ ಬರುವ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಬರುವ ಸಣ್ಣ ಮೊತ್ತವೇ ಅನುಕೂಲ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗದು. ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಿ, ಪ್ಯಾನ್ ಸಂಖ್ಯೆ ಬರೆಯಿಸಿ. ಕೊಡುವ ಮೊದಲು ನೋಡಬೇಕೆನ್ನುವವರು ಬೆಳಗಿನ ಊಟ ಮುಗಿದ ಮೇಲೆ ಬನ್ನಿ. ಹಿಂದಿನ ಸಾಲಿಗೆ ಹೋಗುವಾಗ ಚಪ್ಪಲಿ ಸದ್ದು ಮಾಡದಿದ್ದರೆ ಉಪಕಾರ.

ಇತಿ,
ಆಡಳಿತ ಮಂಡಳಿ