ಆ ಶಾಸನವನ್ನು ಚರಂಡಿಯಿಂದ ಎತ್ತಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಮ್ಮೂರ ಈಶ್ವರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಗುದ್ದಲಿ ಪೂಜೆ ಮಾಡಿದವರು ನೀವೇ. ಹೊಯ್ಸಳರ ಕಾಲದ ಗುಡಿ. ಮಳೆ ಬಂದರೆ ಸೋರುತ್ತಿತ್ತು, ಗೋಡೆ ವಾಲಿತ್ತು. ಬಿಚ್ಚಿ ಕಟ್ಟಲೇಬೇಕಿತ್ತು, ಒಪ್ಪುತ್ತೇನೆ. ಆದರೆ ಬಿಚ್ಚಲಿಲ್ಲ ಸ್ವಾಮಿ, ಜೆಸಿಬಿ ತಂದು ಕೆಡವಿದರು. ಒಂದು ಕಲ್ಲಿಗೂ ನಂಬರ್ ಹಾಕಲಿಲ್ಲ, ಒಂದು ಫೋಟೊ ತೆಗೆಯಲಿಲ್ಲ. ಕಂಬ, ಕಂಬದ ತಲೆಯ ಮೇಲೆ ಕೂರುವ ಬೋದಿಗೆ, ತೊಲೆ ಎಲ್ಲ ಕೆರೆ ಏರಿಯ ಪಕ್ಕ ರಾಶಿ ಬಿದ್ದಿವೆ.

ಗರ್ಭಗುಡಿಯ ಮುಂದಿನ ಕಂಬಗಳ ಮಂಟಪ, ಅಂದರೆ ನವರಂಗದ ಬಾಗಿಲ ಪಕ್ಕ ಒಂದು ಶಾಸನದ ಕಲ್ಲಿತ್ತು. ಮೇಲೆ ಸೂರ್ಯ, ಚಂದ್ರ, ಲಿಂಗ, ಹಸು ಕರು. ಕೆಳಗೆ ಹಳಗನ್ನಡದ ಸಾಲುಗಳು. ದೇವರಿಗೆ ಯಾರು ಗದ್ದೆ ಬಿಟ್ಟರು, ಕೆರೆ ಯಾರು ಕಟ್ಟಿಸಿದರು ಎಂಬುದೆಲ್ಲ ಇಂಥ ಕಲ್ಲಿನಲ್ಲೇ ಇರುತ್ತದೆ. ನಮ್ಮ ತಾತ ಅದಕ್ಕೆ ಎಣ್ಣೆ ಹಚ್ಚಿ ದೀಪ ಇಡುತ್ತಿದ್ದರು. ಈಗ ಅದನ್ನು ಚರಂಡಿಗೆ ಅಡ್ಡಲಾಗಿ ಹಾಸಿದ್ದಾರೆ, ಅಕ್ಷರ ಮೇಲ್ಮುಖವಾಗಿ. ಟ್ರ್ಯಾಕ್ಟರ್ ಅದರ ಮೇಲೇ ಓಡಾಡುತ್ತದೆ. ತಡೆಯೋಕೆ ಅಡ್ಡ ನಿಂತೆ. "ಕಲ್ಲೇನು ನಿಮ್ಮಪ್ಪಂದಾ?" ಅಂದರು ಕೆಲಸದವರು. ಊರವರೆಲ್ಲ ಸುಮ್ನೆ ನೋಡುತ್ತಿದ್ದರು. ಅವತ್ತು ನನಗೆ ಊಟ ಸೇರಲಿಲ್ಲ. ಮಂಡಿ ನೋವಿಟ್ಟುಕೊಂಡು ಕಚೇರಿಗಳಿಗೆ ಅಲೆದೆ. ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಕೊನೆಗೆ, ನಿಮ್ಮ ಗುಡಿ ಸಂರಕ್ಷಿತ ಪಟ್ಟಿಯಲ್ಲಿಲ್ಲ ಅಂದುಬಿಟ್ಟರು. ಪಟ್ಟಿಯಲ್ಲಿಲ್ಲದಿದ್ದರೆ ಅಕ್ಷರ ಅಳಿಸಿಹೋದರೂ ಪರವಾಗಿಲ್ಲವೇ? ಆ ಶಾಸನವನ್ನು ಎತ್ತಿಸಿ.

ಬಿಚ್ಚಿ ಕಟ್ಟುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಕೆಆರ್‌ಎಸ್ ಹಿನ್ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನದ ಕಲ್ಲುಗಳಿಗೆ ಗುರುತು ಹಾಕಿ, ಬಿಚ್ಚಿ, ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ತಲಕಾಡಿನಲ್ಲಿ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣ ಗುಡಿಯನ್ನೂ ಬಿಚ್ಚಿಯೇ ಮತ್ತೆ ಕಟ್ಟಿದ್ದು. ಅಲ್ಲಿ ಆಗಿದ್ದು ಇಲ್ಲಿ ಯಾಕಾಗಲಿಲ್ಲ?

ಪಾಯ ತೋಡುವಾಗ ಕೆಳಗೆ ದಪ್ಪ ಇಟ್ಟಿಗೆಗಳು ಸಿಕ್ಕವು. ಕಲ್ಲಿನ ಗುಡಿಗಿಂತ ಮೊದಲೇ ಅಲ್ಲಿ ಇನ್ನೊಂದು ಗುಡಿ ಇತ್ತೇನೋ. ಇಟ್ಟಿಗೆಯ ಅಳತೆ, ಮಣ್ಣಿನ ಪದರ ನೋಡಿ ತಿಳಿದವರು ಕಾಲ ಅಂದಾಜು ಮಾಡುತ್ತಾರೆ. ನಮ್ಮವರು ಅವನ್ನು ರಸ್ತೆಯ ಗುಂಡಿಗೆ ತುಂಬಿದರು. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಕಾಯ್ದೆಯೇ ಇದೆ. ರಾಜ್ಯದ ಸ್ಮಾರಕಗಳಿಗೆ 1961ರ ಕಾಯ್ದೆ ಇದೆ. ನಿಯಮಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಅಲ್ವಾ? ಗೊತ್ತಿದ್ದೂ ಹೀಗಾದರೆ ನಮ್ಮಂಥವರು ಯಾರ ಹತ್ತಿರ ಹೋಗಬೇಕು?

ಇನ್ನೇನು ಪಾಯಕ್ಕೆ ಕಾಂಕ್ರೀಟ್ ಹಾಕುತ್ತಾರಂತೆ. ಹಾಕಿದರೆ ಮುಗಿಯಿತು, ಕೆಳಗೇನಿತ್ತು ಅಂತ ಯಾರೂ ನೋಡಲಾಗದು. ದಯವಿಟ್ಟು ಅದನ್ನು ನಿಲ್ಲಿಸಿ. ಪುರಾತತ್ವ ತಿಳಿದವರನ್ನು ಕರೆಸಿ ಗುಂಡಿ ತೋರಿಸಿ. ಉಳಿದ ಕಲ್ಲುಗಳಿಗೆ ಈಗಲಾದರೂ ನಂಬರ್ ಹಾಕಿಸಿ. ಎಲ್ಲಕ್ಕಿಂತ ಮೊದಲು ಆ ಶಾಸನವನ್ನು ಚರಂಡಿಯಿಂದ ಎತ್ತಿಸಿ, ತೊಳೆಸಿ, ಅಕ್ಷರಗಳನ್ನು ಕಾಗದಕ್ಕೆ ಇಳಿಸುವ ಪಡಿಯಚ್ಚು ತೆಗೆಸಿ. ಒಂದು ಫೋನ್ ಮಾಡಿದರೆ ನಾಳೆಯೇ ಆಗುವ ಕೆಲಸ ಇದು. ಆ ಫೋನ್ ಮಾಡಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ